ಮಕ್ಕಳ ಬೇಸ್‌ಬಾಲ್: ರನ್ನರ್ ಎಲ್ಲಿ ನಿಲ್ಲಬೇಕು, ಯಾವಾಗ ಬೇಸ್ ಬಿಡಬೇಕು

ಟಿವಿಯಲ್ಲಿ ಮೇಜರ್ ಲೀಗ್ (ಅಮೆರಿಕದ ದೊಡ್ಡವರ ವೃತ್ತಿಪರ ಬೇಸ್‌ಬಾಲ್) ಪಂದ್ಯ ನೋಡುವ ಮಗು ಒಂದು ವಿಷಯ ಬೇಗ ಕಲಿಯುತ್ತದೆ. ಮೊದಲ ಬೇಸ್‌ನ ರನ್ನರ್ (ಬೇಸ್ ತಲುಪಿ, ಮುಂದಿನದಕ್ಕೆ ಓಡಲು ಕಾಯುವ ಬ್ಯಾಟಿಂಗ್ ತಂಡದ ಆಟಗಾರ) ಬೇಸ್ ಮೇಲೆ ನಿಲ್ಲುವುದೇ ಇಲ್ಲ. ಪಿಚರ್ ಚೆಂಡು ಎಸೆಯುವ ಮೊದಲೇ ಎರಡನೇ ಬೇಸ್ ಕಡೆ ಸರಿದು, ಮೊಣಕಾಲು ಬಗ್ಗಿಸಿ ಕಾಯುತ್ತಾನೆ. ಮಗು ತನ್ನ ಪಂದ್ಯದಲ್ಲೂ ಹಾಗೇ ಮಾಡುತ್ತದೆ. ಅಂಪೈರ್ ಒಂದು ಕರವಸ್ತ್ರ ತೆಗೆದು ನೆಲಕ್ಕೆ ಹಾಕುತ್ತಾರೆ. ಬೆಂಚಿನ ಮೇಲಿದ್ದ ಅಪ್ಪ ಅಮ್ಮ ಮುಖ ಮುಖ ನೋಡಿಕೊಳ್ಳುತ್ತಾರೆ.

ಮಗು ನೋಡಿದ್ದು ಬೇರೆ ಅಳತೆಯ ಮೈದಾನದ ಆಟ, ಆಡಿದ್ದು ಬೇರೆ ಅಳತೆಯಲ್ಲಿ. ನಿಯಮವೂ ಬೇರೆ. ಆದರೆ ಎರಡೂ ಕಡೆ ರನ್ನರ್‌ಗೆ ಕಲಿಸಬೇಕಾದ ಪ್ರಶ್ನೆ ಒಂದೇ: ಚೆಂಡು ಈಗ ಎಲ್ಲಿದೆ, ಯಾರ ಕೈಯಲ್ಲಿದೆ? ಅದಕ್ಕೆ ಉತ್ತರ ಗೊತ್ತಿದ್ದರೆ ಎಲ್ಲಿ ನಿಲ್ಲಬಹುದು ಎಂಬುದು ತಾನಾಗೇ ಗೊತ್ತಾಗುತ್ತದೆ. ಕೆಳಗಿನದೆಲ್ಲ ಮುಖ್ಯವಾಗಿ ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನ ನಿಯಮಗಳನ್ನು ಹಿಡಿದು ಬರೆದದ್ದು. ಮಗುವಿಗೆ ಕೋಚಿಂಗ್ ಮಾಡಲು ಹೊರಟವರಿಗೆ, ಅಥವಾ ಬೇಸ್ ಪಕ್ಕ ನಿಂತು ಸಹಾಯ ಮಾಡಿ ಎಂದು ಇದ್ದಕ್ಕಿದ್ದಂತೆ ಕರೆಸಿಕೊಂಡವರಿಗೆ ಇದು ಸಾಕಾಗಬೇಕು.

ಹೆಜ್ಜೆ 1: ನಿಮ್ಮ ಡಿವಿಷನ್ ಯಾವುದು ಅಂತ ತಿಳಿದುಕೊಳ್ಳಿ

ಕಾರ್ಲ್ ಸ್ಟೋಟ್ಜ್ 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಲಿಟಲ್ ಲೀಗ್ ಶುರು ಮಾಡಿದಾಗ ದೊಡ್ಡವರ ಮೈದಾನವನ್ನು ಮಕ್ಕಳ ಕಾಲಿಗೆ ತಕ್ಕಂತೆ ಚಿಕ್ಕದು ಮಾಡಿದರು. ಇವತ್ತಿಗೂ 12 ವರ್ಷದವರೆಗಿನ ಮಕ್ಕಳು ಆಡುವ ಮೇಜರ್ಸ್ ಡಿವಿಷನ್‌ನಲ್ಲಿ ಬೇಸ್‌ಗಳ ನಡುವೆ 60 ಅಡಿ. ಪಿಚರ್ ಎಸೆಯುವುದು 46 ಅಡಿಯಿಂದ. ಅದಕ್ಕಿಂತ ಕೆಳಗಿನ ಮೈನರ್ಸ್‌ನಲ್ಲೂ ಬೇಸ್‌ಗಳ ಅಂತರ 60 ಅಡಿಯೇ. ಈ ಎರಡು ಡಿವಿಷನ್‌ಗಳಲ್ಲಿ ಲೀಡ್ ಇಲ್ಲ. ಅಂದರೆ ಪಿಚರ್ ಎಸೆಯುವ ಮೊದಲು ಬೇಸ್ ಬಿಟ್ಟು ಸರಿಯುವಂತಿಲ್ಲ.

ಅದರ ಮೇಲಿನದು ಇಂಟರ್‌ಮೀಡಿಯೇಟ್: ಬೇಸ್ 70 ಅಡಿ, ಪಿಚಿಂಗ್ 50 ಅಡಿ. ಅದಕ್ಕೇ ಎಲ್ಲರೂ ಅದನ್ನು '50-70' ಎನ್ನುತ್ತಾರೆ. ಇಲ್ಲಿಂದ ಲೀಡ್ ಶುರು. ಜೂನಿಯರ್ ಮತ್ತು ಸೀನಿಯರ್ ಡಿವಿಷನ್‌ಗಳಲ್ಲಿ ಪೂರ್ತಿ 90 ಅಡಿ, ದೊಡ್ಡವರ ಹಾಗೇ ಲೀಡ್. ಪೋನಿ ಬೇಸ್‌ಬಾಲ್ ಎಂಬ ಇನ್ನೊಂದು ಮಕ್ಕಳ ಲೀಗ್‌ನಲ್ಲಿ 11-12 ವರ್ಷದವರ ಬ್ರಾಂಕೋ ವಿಭಾಗವೂ 70 ಅಡಿಯದ್ದು, ಅಲ್ಲೂ ಲೀಡ್ ಉಂಟು. ಆದ್ದರಿಂದ ಒಂದೇ ವಯಸ್ಸಿನ ಇಬ್ಬರು ಮಕ್ಕಳು ಬೇರೆ ಬೇರೆ ಲೀಗ್‌ನಲ್ಲಿ ಬೇರೆ ಬೇರೆ ನಿಯಮದಲ್ಲಿ ಆಡುತ್ತಿರಬಹುದು. ಪಕ್ಕದ ಮನೆ ಮಗು ಹೇಳಿದ್ದನ್ನು ನಂಬಬೇಡಿ.

ಚಿಕ್ಕ ಮೈದಾನದಲ್ಲಿ ಲೀಡ್ ಯಾಕಿಲ್ಲ? ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 10 ಅಡಿ ಲೀಡ್ ಕೊಟ್ಟರೆ ರನ್ನರ್ ಓಡಬೇಕಾದದ್ದು 50 ಅಡಿ ಮಾತ್ರ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನಿಂದ ಎರಡನೇ ಬೇಸ್‌ಗೆ ಕ್ಯಾಚರ್ (ಪ್ಲೇಟ್ ಹಿಂದೆ ಕೂತು ಚೆಂಡು ಹಿಡಿಯುವವನು) ಎಸೆಯಬೇಕಾದದ್ದು ಸುಮಾರು 85 ಅಡಿ. ಹತ್ತು ವರ್ಷದ ಕ್ಯಾಚರ್ ಚೆಂಡು ಹಿಡಿದು, ಎದ್ದು, ಗುರಿ ಇಟ್ಟು ಎಸೆಯುವಷ್ಟರಲ್ಲಿ ರನ್ನರ್ ಎರಡನೇ ಬೇಸ್‌ನಲ್ಲಿ ಆರಾಮಾಗಿ ನಿಂತಿರುತ್ತಾನೆ. ಜೊತೆಗೆ, ರನ್ನರ್‌ನನ್ನು ಬೇಸ್ ಹತ್ತಿರವೇ ಕಟ್ಟಿಹಾಕುವ ಪಿಚರ್ ಕಲೆಯನ್ನು ಆ ವಯಸ್ಸಿನಲ್ಲಿ ಕಲಿಸುವುದಿಲ್ಲ. ಮೇಜರ್ಸ್‌ವರೆಗೆ ಪಿಚರ್ ರನ್ನರ್‌ನನ್ನು ಮೋಸಗೊಳಿಸುವಂತೆ ಅಲುಗಾಡಿದ್ದಕ್ಕೆ ಕೊಡುವ 'ಬಾಲ್ಕ್' ಎಂಬ ಶಿಕ್ಷೆಯೂ ಇಲ್ಲ. ಲೀಡ್ ಬಿಟ್ಟುಕೊಟ್ಟರೆ ಆಟ ಬರೀ ಓಟವಾಗಿಬಿಡುತ್ತದೆ.

ಹೆಜ್ಜೆ 2: ಬೇಸ್ ಮೇಲೆ ಕಾಲು ಇಡುವ ರೀತಿ

60 ಅಡಿ ಮೈದಾನದಲ್ಲಿ ಮಕ್ಕಳು ಬೇಸ್‌ನ ಮಧ್ಯದಲ್ಲಿ ಎರಡೂ ಕಾಲಿಟ್ಟು ನಿಲ್ಲುತ್ತಾರೆ. ನಿಯಮದ ಪ್ರಕಾರ ಸರಿ, ಆದರೆ ಓಡಲು ಕಷ್ಟ. ಎಡಗಾಲಿನ ಮುಂಭಾಗ ಬೇಸ್‌ನ ಅಂಚಿಗೆ ಒತ್ತಿರಲಿ, ಮುಂದಿನ ಬೇಸ್ ಕಡೆ ಇರುವ ಅಂಚಿಗೆ. ಬಲಗಾಲು ಒಂದು ಹೆಜ್ಜೆ ಮುಂದೆ ನೆಲದ ಮೇಲಿರಲಿ. ಮೊಣಕಾಲು ಬಗ್ಗಿರಬೇಕು, ಎದೆ ಚೂರು ಮುಂದೆ ಬಾಗಿರಬೇಕು, ಮುಖ ಪಿಚರ್ ಮತ್ತು ಬ್ಯಾಟರ್ ಕಡೆ ತಿರುಗಿರಬೇಕು. ಒಂದು ಕಾಲು ಬೇಸ್‌ಗೆ ತಾಗಿದ್ದರೆ ಸಾಕು. ದೇಹದ ಉಳಿದ ಭಾಗ ಎಷ್ಟು ಮುಂದಿದ್ದರೂ ಅಂಪೈರ್ ಏನೂ ಅನ್ನುವುದಿಲ್ಲ.

ಸ್ವಲ್ಪ ಪಳಗಿದ ಮಕ್ಕಳಿಗೆ ಇನ್ನೊಂದು ರೀತಿ ಕಲಿಸಬಹುದು. ಬಲಗಾಲು ಬೇಸ್‌ನ ಅಂಚಿನಲ್ಲಿ, ಎಡಗಾಲು ಬೇಸ್‌ನ ಹಿಂದೆ. ಚೆಂಡು ಪ್ಲೇಟ್ ಕಡೆ ಬರುತ್ತಿರುವಾಗ ಹಿಂದಿನ ಎಡಗಾಲನ್ನು ಮುಂದೆ ತರುವುದು, ಚೆಂಡು ಬ್ಯಾಟರ್‌ನನ್ನು ತಲುಪಿದ ಮೇಲೆ ಬಲಗಾಲು ಬೇಸ್ ಬಿಡುವುದು. ಹೀಗೆ ನಿಂತ ಜಾಗದಿಂದ ಓಡುವ ಬದಲು ನಡಿಗೆಯ ವೇಗ ಮೊದಲೇ ಸಿಕ್ಕಿರುತ್ತದೆ. ಆದರೆ ಲಯ ತಪ್ಪಿದರೆ ಕಾಲು ಬೇಗ ಎದ್ದುಬಿಡುತ್ತದೆ. ಎಂಟು ಒಂಬತ್ತು ವರ್ಷದವರಿಗೆ ಮೊದಲನೆಯ ರೀತಿಯೇ ವಾಸಿ.

ಹೆಜ್ಜೆ 3: ಚೆಂಡು ಬ್ಯಾಟರ್ ತನಕ ಬರಲಿ

ಲಿಟಲ್ ಲೀಗ್ ನಿಯಮ ಪುಸ್ತಕದಲ್ಲಿ ಇದು 7.13. ಮೂರು ಸಂಗತಿ ಒಟ್ಟಿಗೆ ಇದ್ದಾಗ ರನ್ನರ್ ಬೇಸ್ ಬಿಡುವಂತಿಲ್ಲ: ಪಿಚರ್ ಕಾಲು ಪಿಚಿಂಗ್ ರಬ್ಬರ್‌ಗೆ (ಪಿಚರ್ ನಿಂತು ಎಸೆಯುವ ಪಟ್ಟಿಗೆ) ತಾಗಿರಬೇಕು, ಚೆಂಡು ಪಿಚರ್ ಬಳಿ ಇರಬೇಕು, ಕ್ಯಾಚರ್ ತನ್ನ ಬಾಕ್ಸ್‌ನಲ್ಲಿ ಚೆಂಡು ಹಿಡಿಯಲು ಸಿದ್ಧನಾಗಿರಬೇಕು. ಇವು ಮೂರೂ ಸೇರಿದ ಕ್ಷಣದಿಂದ, ಎಸೆದ ಚೆಂಡು ಬ್ಯಾಟರ್‌ನನ್ನು ತಲುಪುವ ತನಕ ಕಾಲು ಬೇಸ್ ಮೇಲೇ.

ಪಿಚರ್ ಕೈಯಿಂದ ಚೆಂಡು ಬಿಟ್ಟರೆ ಸಾಲದು ಎಂಬುದನ್ನು ಗಮನಿಸಿ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಕೈಕೊಡುತ್ತದೆ. ನಾನ್-ಸ್ಟ್ರೈಕರ್ ಬೌಲರ್ ಕೈಯಿಂದ ಚೆಂಡು ಹೊರಟ ಕೂಡಲೇ ಹೊರಡಬಹುದಲ್ವಾ, ಇಲ್ಲಿ ಹಾಗಿಲ್ಲ. ಲಿಟಲ್ ಲೀಗ್ ಸಾಫ್ಟ್‌ಬಾಲ್‌ನಲ್ಲಿ ಚೆಂಡು ಕೈಬಿಟ್ಟ ಮೇಲೆ ಹೊರಡಬಹುದು. ಅದನ್ನೂ ಇದನ್ನೂ ಆಡುವ ಅಕ್ಕ ತಮ್ಮ ಒಂದೇ ಮನೆಯಲ್ಲಿದ್ದರೆ ಗೊಂದಲ ಗ್ಯಾರಂಟಿ.

ಆ ಮೂರರಲ್ಲಿ ಒಂದು ಇಲ್ಲದಿದ್ದರೂ ರನ್ನರ್ ಬೇಸ್ ಬಿಡಬಹುದು. ಕ್ಯಾಚರ್ ಪಿಚರ್‌ಗೆ ಚೆಂಡು ವಾಪಸ್ ಎಸೆಯುತ್ತಿದ್ದಾನೆ, ಪಿಚರ್ ರಬ್ಬರ್ ಹತ್ತಿರವೂ ಇಲ್ಲ. ಆಗ ಓಡಿದರೆ ತಪ್ಪೇನಲ್ಲ. ಇದೇ 'ಡಿಲೇಡ್ ಸ್ಟೀಲ್'. ಹೊಡೆತವಿಲ್ಲದೆಯೇ ಮುಂದಿನ ಬೇಸ್‌ಗೆ ಓಡುವುದು ಸ್ಟೀಲ್, ಇದು ತಡವಾಗಿ ಮಾಡುವ ಸ್ಟೀಲ್. ಕೆಲವು ಕೋಚ್‌ಗಳು ಚಿಕ್ಕ ಮಕ್ಕಳ ಆಟದಲ್ಲೂ ಪ್ರತಿ ಚೆಂಡಿಗೆ ರನ್ನರ್‌ನನ್ನು ಬೇಸ್‌ನಿಂದ ಆಚೆ ಕುಣಿಸಿ, ಕ್ಯಾಚರ್ ಗಾಬರಿಯಿಂದ ತಪ್ಪಾಗಿ ಎಸೆಯಲಿ ಎಂದು ಕಾಯುತ್ತಾರೆ. ನಿಯಮದ ಒಳಗೇ ಇದೆ. ನನಗಂತೂ ಇಷ್ಟವಿಲ್ಲ. ಎದುರಿನ ಒಂಬತ್ತು ವರ್ಷದ ಕ್ಯಾಚರ್ ಅಳುವುದನ್ನು ನೋಡಿ ಗೆದ್ದ ಬೇಸ್‌ನಿಂದ ನಮ್ಮ ಮಗು ಏನೂ ಕಲಿಯುವುದಿಲ್ಲ.

ಅಭ್ಯಾಸಕ್ಕೆ ಒಂದು ಸುಲಭ ದಾರಿ: ರನ್ನರ್‌ಗೆ ಪಿಚರ್ ಕೈ ನೋಡಬೇಡ, ಚೆಂಡನ್ನೇ ಪ್ಲೇಟ್ ತನಕ ಕಣ್ಣಲ್ಲಿ ಹಿಂಬಾಲಿಸು ಎಂದು ಹೇಳಿ. ಬೇಗ ಕಾಲೆತ್ತುವ ಮಕ್ಕಳನ್ನು ಗಮನಿಸಿ. ಅವರ ಕಣ್ಣು ಪಿಚರ್ ತೋಳಿನ ಮೇಲಿರುತ್ತದೆ, ತೋಳು ಬೀಸಿದ ಕೂಡಲೇ ಕಾಲೂ ಹೊರಡುತ್ತದೆ.

ಹೆಜ್ಜೆ 4: ಬೇಗ ಬಿಟ್ಟರೆ ಏನಾಗುತ್ತದೆ

ತಲೆ ಕೆಡಿಸುವ ಭಾಗ ಇದೇ, ಆದ್ದರಿಂದ ನಿಧಾನವಾಗಿ ನೋಡೋಣ. ಬೇಗ ಬಿಟ್ಟ ಮಾತ್ರಕ್ಕೆ ಬೇಸ್‌ಬಾಲ್‌ನ ಈ ಡಿವಿಷನ್‌ಗಳಲ್ಲಿ ರನ್ನರ್ ಔಟ್ ಅಲ್ಲ. ಅಂಪೈರ್ ಕರವಸ್ತ್ರ ಅಥವಾ ಸಣ್ಣ ಬಾವುಟ ಕೆಳಗೆ ಹಾಕಿ ಸೂಚನೆ ಕೊಡುತ್ತಾರೆ, ಆಟ ನಿಲ್ಲಿಸುವುದಿಲ್ಲ. ಆಟ ಮುಗಿದ ಮೇಲೆ ಲೆಕ್ಕ ಸರಿಮಾಡುತ್ತಾರೆ. ಇನ್ನೊಂದು ಮಾತು: ಒಬ್ಬ ರನ್ನರ್ ಬೇಗ ಬಿಟ್ಟರೂ ಅದರ ಪರಿಣಾಮ ಬೇಸ್ ಮೇಲಿರುವ ಎಲ್ಲ ರನ್ನರ್‌ಗಳಿಗೂ.

ಬ್ಯಾಟರ್ ಚೆಂಡು ಹೊಡೆಯದಿದ್ದರೆ ಸುಲಭ. ಓಡಿದವನು ಔಟ್ ಆದರೆ ಔಟೇ. ಸುರಕ್ಷಿತವಾಗಿ ತಲುಪಿದರೆ ಮೊದಲಿದ್ದ ಬೇಸ್‌ಗೆ ವಾಪಸ್. ಎದುರಾಳಿಗೆ ನಷ್ಟವೇ ಇಲ್ಲದ ಏರ್ಪಾಡು.

ಬ್ಯಾಟರ್ ಹೊಡೆದರೆ ಕಥೆ ಬೇರೆ. ಔಟ್ ಆದವರು ಔಟ್ ಆಗಿಯೇ ಉಳಿಯುತ್ತಾರೆ. ಆಗದವರು ಮೊದಲಿದ್ದ ಬೇಸ್‌ಗೆ ಹೋಗಬೇಕು. ಅಲ್ಲಿ ಈಗ ಜಾಗವಿಲ್ಲದಿದ್ದರೆ ಅದಕ್ಕೆ ಹತ್ತಿರದ ಖಾಲಿ ಬೇಸ್‌ಗೆ. ಬ್ಯಾಟರ್‌ಗೂ ಹೊಡೆತದ ಬೆಲೆಗಿಂತ ಜಾಸ್ತಿ ಸಿಗುವುದಿಲ್ಲ: ಸಿಂಗಲ್ ಆದರೆ ಮೊದಲ ಬೇಸ್, ಡಬಲ್ ಆದರೆ ಎರಡನೆಯದು. ಹೊಡೆತದ ಬೆಲೆ ಎಷ್ಟು ಎಂದು ತೀರ್ಮಾನಿಸುವವರು ಪ್ಲೇಟ್ ಹಿಂದಿರುವ ಮುಖ್ಯ ಅಂಪೈರ್.

ಉದಾಹರಣೆಗೆ, ಎರಡನೇ ಬೇಸ್‌ನಲ್ಲಿದ್ದ ರನ್ನರ್ ಬೇಗ ಹೊರಟ. ಬ್ಯಾಟರ್ ಔಟ್‌ಫೀಲ್ಡ್‌ಗೆ ಚೆನ್ನಾಗಿ ಒಂದು ಸಿಂಗಲ್ ಹೊಡೆದ. ರನ್ನರ್ ಹೋಮ್ ಮುಟ್ಟಿ ಕುಣಿದ. ಆ ರನ್ ಇಲ್ಲ. ಬ್ಯಾಟರ್ ಮೊದಲ ಬೇಸ್‌ನಲ್ಲಿ ಇದ್ದಾನೆ, ಎರಡನೆಯದು ಖಾಲಿ ಇದೆ, ರನ್ನರ್ ಅಲ್ಲಿಗೇ ವಾಪಸ್. ಈಗ ಮೊದಲ ಬೇಸ್‌ನ ರನ್ನರ್ ಬೇಗ ಹೊರಟ, ಬ್ಯಾಟರ್ ಡಬಲ್ ಹೊಡೆದ ಅಂದುಕೊಳ್ಳಿ. ಬ್ಯಾಟರ್ ಎರಡನೇ ಬೇಸ್‌ನಲ್ಲಿ. ಮುಂದಿದ್ದ ರನ್ನರ್ ಬ್ಯಾಟರ್‌ನ ಹಿಂದೆ ನಿಲ್ಲುವಂತಿಲ್ಲ, ಆದ್ದರಿಂದ ರನ್ನರ್ ಮೂರನೆಯದರಲ್ಲಿ. ಟ್ರಿಪಲ್ ಅಥವಾ ಹೋಮ್ ರನ್ ಆದರೆ ಯಾರು ಬೇಗ ಬಿಟ್ಟಿದ್ದರೂ ಎಲ್ಲ ರನ್ನರ್‌ಗಳೂ ರನ್ ಗಳಿಸುತ್ತಾರೆ.

ಇನ್ನೊಂದು ವಿಚಿತ್ರ ಇದೆ. ಮೂರೂ ಬೇಸ್ ತುಂಬಿವೆ, ಯಾರೋ ಒಬ್ಬ ಬೇಗ ಬಿಟ್ಟಿದ್ದಾನೆ, ಚೆಂಡು ಇನ್‌ಫೀಲ್ಡ್ ದಾಟಿಲ್ಲ, ಬ್ಯಾಟರ್ ಮೊದಲ ಬೇಸ್ ತಲುಪಿದ್ದಾನೆ, ಯಾರೂ ಔಟ್ ಆಗಿಲ್ಲ. ನಾಲ್ಕು ಜನಕ್ಕೆ ಮೂರೇ ಬೇಸ್. ಆಗ ಎಲ್ಲರೂ ಒಂದೊಂದು ಬೇಸ್ ಮುಂದೆ ಹೋಗುತ್ತಾರೆ, ಮೂರನೆಯದರಲ್ಲಿದ್ದ ರನ್ನರ್ ಮೈದಾನ ಬಿಟ್ಟು ಹೊರಗೆ. ರನ್ ಇಲ್ಲ, ಔಟೂ ಇಲ್ಲ. ಸುಮ್ನೆ ಮಾಯ. ಇದನ್ನು ಮೊದಲ ಸಲ ನೋಡುವ ಪೋಷಕರು ಅಂಪೈರ್‌ಗೆ ತಲೆ ಕೆಟ್ಟಿದೆ ಎಂದೇ ತಿಳಿಯುತ್ತಾರೆ. ಪುಸ್ತಕದಲ್ಲಿ ಹಾಗೇ ಇದೆ.

ಹೆಜ್ಜೆ 5: ಚೆಂಡು ಪ್ಲೇಟ್ ದಾಟಿದ ಮೇಲೆ

ಈಗ ರನ್ನರ್ ಸ್ವತಂತ್ರ. ಆದರೂ ಅನೇಕ ಮಕ್ಕಳು ಬೇಸ್ ಮೇಲೇ ನಿಂತು ನೋಡುತ್ತಾರೆ. ಚೆಂಡು ಬ್ಯಾಟರ್ ತಲುಪಿದ ಕೂಡಲೇ ಎರಡು ಮೂರು ಜೋರಾದ ಹೆಜ್ಜೆ ಅಡ್ಡಕ್ಕೆ ಸರಿಯಬೇಕು. ಎದೆ ಪ್ಲೇಟ್ ಕಡೆಗೇ ಇರಲಿ, ಕಾಲಿಗೆ ಕಾಲು ಅಡ್ಡ ಬರಬಾರದು. ಚೆಂಡು ಕ್ಯಾಚರ್ ಕೈಗೆ ಸಿಕ್ಕಿತಾ? ವಾಪಸ್. ಕೈತಪ್ಪಿ ಹಿಂದೆ ಉರುಳಿತಾ? ಓಡು. ಚಿಕ್ಕ ಮಕ್ಕಳ ಆಟದಲ್ಲಿ ಬೇಸ್ ಸಿಗುವುದು ಬಹುಪಾಲು ಹೀಗೆ ತಪ್ಪಿಹೋದ ಚೆಂಡುಗಳಿಂದಲೇ.

ವಾಪಸ್ ಬರುವಾಗ ಬೆನ್ನು ತಿರುಗಿಸಿ ನಡೆದು ಬರುವ ಅಭ್ಯಾಸ ಬಿಡಿಸಿ. ಕ್ಯಾಚರ್ ಕೈಯಲ್ಲಿ ಚೆಂಡಿದೆ, ಅವನು ಎಸೆಯಬಹುದು.

ಹೆಜ್ಜೆ 6: ಚೆಂಡು ಹೊಡೆದಾಗ ಎಲ್ಲಿರಬೇಕು

ನೆಲಕ್ಕೆ ಬಿದ್ದ ಚೆಂಡು, ಹಿಂದಿನ ಬೇಸ್‌ಗಳೆಲ್ಲ ತುಂಬಿವೆ: ರನ್ನರ್ ಬಲವಂತವಾಗಿ ಮುಂದೆ ಹೋಗಲೇಬೇಕು. ಯೋಚನೆ ಬೇಡ, ಓಟ. ಎರಡು ಔಟ್ ಆಗಿದ್ದರೆ ಎಂಥ ಹೊಡೆತಕ್ಕೂ ಓಟ.

ಎರಡನೇ ಬೇಸ್‌ನಲ್ಲಿ ಒಬ್ಬನೇ ಇದ್ದಾಗ ಯೋಚಿಸಬೇಕು. ಎರಡು ಔಟ್ ಆಗಿಲ್ಲ, ಚೆಂಡು ರನ್ನರ್ ಮುಂದೆ, ಅಂದರೆ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಅಥವಾ ಮೂರನೇ ಬೇಸ್ ಕಡೆ ಹೋಗಿದೆ. ಆಗ ಅದು ದಾಟಿಹೋಗುವ ತನಕ ಕಾಯುವುದು ಒಳ್ಳೆಯದು. ಬೆನ್ನ ಹಿಂದೆ, ಮೊದಲ ಬೇಸ್ ಕಡೆ ಹೋದರೆ ಹೊರಡಬಹುದು. ನೇರವಾಗಿ ಗಾಳಿಯಲ್ಲಿ ಬಾಣದ ಹಾಗೆ ಹೋಗುವ ಲೈನ್ ಡ್ರೈವ್ ಆದರೆ ಎಲ್ಲ ಬೇಸ್‌ನವರೂ ನಿಂತಲ್ಲೇ ನಿಲ್ಲಬೇಕು, ಆಮೇಲೆ ನಿರ್ಧಾರ.

ಎತ್ತರದ ಚೆಂಡು ಬಂದಾಗ ಮೊದಲ ಬೇಸ್‌ನವನು ಅರ್ಧ ದಾರಿ ಹೋಗಿ ನೋಡಲಿ. ಹಿಡಿದರೆ ವಾಪಸ್ ಬರಲು ಸಮಯ ಇರಬೇಕು, ಬಿಟ್ಟರೆ ಎರಡನೆಯದು ತಲುಪಲು ದೂರ ಕಡಿಮೆ ಇರಬೇಕು. 'ಅರ್ಧ' ಎಂಬುದು ಅಳತೆಯಲ್ಲ. ದೂರದ ಔಟ್‌ಫೀಲ್ಡ್‌ಗೆ ಹೋದರೆ ಜಾಸ್ತಿ ಮುಂದೆ ಹೋಗಬಹುದು, ಹತ್ತಿರ ಬಿದ್ದರೆ ಬೇಸ್ ಬಳಿಯೇ ಇರಬೇಕು. ಮೂರನೇ ಬೇಸ್‌ನವನು ಮಾತ್ರ ಯಾವ ಎತ್ತರದ ಚೆಂಡಿಗೂ ನೇರ ಬೇಸ್‌ಗೆ ಬಂದು ಕಾಲಿಟ್ಟು ಕಾಯಬೇಕು. ಇದೇ ಟ್ಯಾಗ್ ಅಪ್.

ಟ್ಯಾಗ್ ಅಪ್‌ನಲ್ಲಿ ಒಂದು ಸಣ್ಣ ಗುಟ್ಟು. ಫೀಲ್ಡರ್ ಚೆಂಡನ್ನು ಭದ್ರವಾಗಿ ಹಿಡಿಯುವ ತನಕ ಕಾಯಬೇಕಿಲ್ಲ. ಚೆಂಡು ಫೀಲ್ಡರ್‌ಗೆ ಮೊದಲ ಸಲ ತಾಗಿದ ಕ್ಷಣದಲ್ಲೇ ಹೊರಡಬಹುದು. ಗ್ಲೌಸ್‌ನಲ್ಲಿ ಚೆಂಡು ಎರಡು ಸಲ ಪುಟಿದು ಆಮೇಲೆ ಸಿಕ್ಕರೂ ರನ್ನರ್ ಹೊರಟದ್ದು ತಪ್ಪಾಗುವುದಿಲ್ಲ. ಅದಕ್ಕಿಂತ ಮೊದಲು ಕಾಲೆತ್ತಿದರೆ ಎದುರಾಳಿ ಅಪೀಲ್ ಮಾಡಿ ಔಟ್ ಪಡೆಯಬಹುದು.

ಹೆಜ್ಜೆ 7: ದಾರಿ ಮತ್ತು ಫೀಲ್ಡರ್

'ಮೂರು ಅಡಿ ಆಚೆ ಹೋದರೆ ಔಟ್' ಎಂಬ ಮಾತು ಎಲ್ಲರ ಬಾಯಲ್ಲೂ ಇದೆ, ಅರ್ಧ ಮಾತ್ರ ನಿಜ. ಯಾರೂ ಟ್ಯಾಗ್ ಮಾಡಲು (ಚೆಂಡಿರುವ ಕೈ ಅಥವಾ ಗ್ಲೌಸ್‌ನಿಂದ ರನ್ನರ್‌ನನ್ನು ಮುಟ್ಟಲು) ಬರದಿದ್ದರೆ ರನ್ನರ್ ಎಷ್ಟು ಅಗಲಕ್ಕೆ ಬಳಸಿ ಓಡಿದರೂ ನಡೆಯುತ್ತದೆ. ಫೀಲ್ಡರ್ ಚೆಂಡು ಹಿಡಿದು ಟ್ಯಾಗ್ ಮಾಡಲು ಬಂದ ಕ್ಷಣದಲ್ಲಿ ರನ್ನರ್ ಇರುವ ಜಾಗದಿಂದ ಬೇಸ್‌ಗೆ ಒಂದು ನೇರ ಗೆರೆ ಎಳೆದುಕೊಳ್ಳಿ. ಟ್ಯಾಗ್ ತಪ್ಪಿಸಲು ಆ ಗೆರೆಯಿಂದ ಮೂರು ಅಡಿಗಿಂತ ಜಾಸ್ತಿ ಸರಿದರೆ ಔಟ್.

ಮೊದಲ ಬೇಸ್ ದಾಟಿ ನೇರ ಓಡಿಹೋಗಬಹುದು, ಕೂಡಲೇ ವಾಪಸ್ ಬಂದರೆ ಟ್ಯಾಗ್ ಮಾಡುವಂತಿಲ್ಲ. ಎಡಕ್ಕೆ ತಿರುಗಿದರೆ ಔಟ್ ಎಂಬುದು ತಪ್ಪು ನಂಬಿಕೆ. ಎರಡನೆಯದಕ್ಕೆ ಹೋಗುವ ಪ್ರಯತ್ನ ಮಾಡಿದ್ದರೆ ಮಾತ್ರ ಆ ರಕ್ಷಣೆ ಹೋಗುತ್ತದೆ.

ಹೊಡೆದ ಚೆಂಡನ್ನು ಹಿಡಿಯುತ್ತಿರುವ ಫೀಲ್ಡರ್‌ಗೆ ದಾರಿ ಬಿಡುವುದು ರನ್ನರ್ ಕೆಲಸ. ಹೊಡೆದ ಚೆಂಡು ಫೇರ್ ಜಾಗದಲ್ಲಿ (ಮೊದಲ ಮತ್ತು ಮೂರನೇ ಬೇಸ್ ಮೂಲಕ ಹಾದುಹೋಗುವ ಫೌಲ್ ಲೈನ್‌ಗಳ ಒಳಗೆ) ರನ್ನರ್‌ಗೆ ತಾಗಿದರೆ ಸಾಮಾನ್ಯವಾಗಿ ಔಟ್. ಬೇಸ್ ಮೇಲೆ ನಿಂತಿದ್ದರೂ ಔಟ್, ಮಕ್ಕಳು ಇದನ್ನು ನಂಬುವುದೇ ಇಲ್ಲ. ಇನ್‌ಫೀಲ್ಡ್ ಫ್ಲೈ (ಬೇಸ್‌ಗಳ ಹತ್ತಿರದ ಫೀಲ್ಡರ್ ಸುಲಭವಾಗಿ ಹಿಡಿಯಬಹುದಾದ ಎತ್ತರದ ಚೆಂಡಿಗೆ ಕೆಲವು ಸಂದರ್ಭಗಳಲ್ಲಿ ಬ್ಯಾಟರ್ ನೇರ ಔಟ್) ಎಂದು ಅಂಪೈರ್ ಕೂಗಿದಾಗ ಮಾತ್ರ ಬೇಸ್ ಮೇಲಿದ್ದವನಿಗೆ ವಿನಾಯಿತಿ. ಇನ್ನು ಮೇಜರ್ಸ್ ಮತ್ತು ಅದರ ಕೆಳಗೆ, ಮುಂದಿನ ಬೇಸ್‌ಗೆ ಹೋಗುವಾಗ ತಲೆ ಮುಂದಾಗಿ ಜಾರಿದರೆ ಔಟ್. ವಾಪಸ್ ಬರುವಾಗ ಜಾರಬಹುದು.

ಇಬ್ಬರು ಒಂದೇ ಬೇಸ್‌ಗೆ ಬಂದುಬಿಟ್ಟರೆ ಗಾಬರಿ ಬೇಡ. ಬೇಸ್ ಮುಂದಿನ ರನ್ನರ್‌ದು, ಟ್ಯಾಗ್ ಮಾಡಿದರೆ ಹಿಂದಿನವನು ಔಟ್. ಆದರೆ ಮುಂದಿನವನು ಬಲವಂತವಾಗಿ ಬೇಸ್ ಬಿಡಬೇಕಾದ ಸ್ಥಿತಿ ಇದ್ದರೆ ಉಲ್ಟಾ. ಕೋಚ್ ಆಗಿ ನೀವು ಒಬ್ಬನನ್ನು ಕೈಹಿಡಿದು ಎಳೆಯಲು ಹೋಗಬೇಡಿ. ಬೇಸ್ ಕೋಚ್ ರನ್ನರ್‌ಗೆ ಕೈಯಿಂದ ಸಹಾಯ ಮಾಡಿದರೆ ರನ್ನರ್ ಔಟ್.

ಹೆಜ್ಜೆ 8: ದೊಡ್ಡ ಮೈದಾನಕ್ಕೆ ಬಂದಾಗ ಲೀಡ್

12ರಿಂದ 13ಕ್ಕೆ ಹೋಗುವ ಮಕ್ಕಳಿಗೆ ಇದು ಹೊಸ ಆಟವೇ. ಮೊದಲ ಪಾಠ: ಪಿಚರ್ ಚೆಂಡು ಹಿಡಿದು ರಬ್ಬರ್ ಮೇಲೆ ನಿಂತದ್ದನ್ನು ಕಣ್ಣಾರೆ ನೋಡುವ ತನಕ ಬೇಸ್ ಬಿಡಬಾರದು. ಯಾರೋ ಫೀಲ್ಡರ್ ಗ್ಲೌಸ್‌ನಲ್ಲಿ ಚೆಂಡು ಬಚ್ಚಿಟ್ಟುಕೊಂಡು ಕಾಯುತ್ತಿರಬಹುದು.

ನಂತರ ಅಡ್ಡಡ್ಡ ಸರಿಯುವುದು. ಕಾಲು ಕತ್ತರಿಯ ಹಾಗೆ ಅಡ್ಡ ಹಾಕಬಾರದು, ಏಕೆಂದರೆ ಪಿಚರ್ ಆಗ ಎಸೆದರೆ ವಾಪಸ್ ಬರಲು ಆಗುವುದಿಲ್ಲ. ಎಷ್ಟು ದೂರ? ಒಮ್ಮೆ ಮಲಗಿ ಕೈಚಾಚಿದರೆ ಬೇಸ್ ಸಿಗುವ ದೂರಕ್ಕೆ ಒಂದು ಹೆಜ್ಜೆ ಸೇರಿಸಿ. ಇದಕ್ಕಿಂತ ಅಡಿ ಲೆಕ್ಕ ಬೇಡ, ಮಗು ಮಗುವಿಗೆ ಬೇರೆ. ವಾಪಸ್ ಜಿಗಿಯುವಾಗ ಬೇಸ್‌ನ ಹಿಂದಿನ ಮೂಲೆ, ಔಟ್‌ಫೀಲ್ಡ್ ಕಡೆಯ ಮೂಲೆಯನ್ನು ಬಲಗೈಯಲ್ಲಿ ಮುಟ್ಟಿ, ಮುಖ ಔಟ್‌ಫೀಲ್ಡ್ ಕಡೆ ತಿರುಗಿಸಬೇಕು. ಟ್ಯಾಗ್ ದೂರವಾಗುತ್ತದೆ, ಚೆಂಡು ಮುಖಕ್ಕೆ ಬಡಿಯುವುದೂ ತಪ್ಪುತ್ತದೆ.

ಬಲಗೈ ಪಿಚರ್ ಆದರೆ ಹಿಮ್ಮಡಿ ನೋಡಿ. ಬಲ ಹಿಮ್ಮಡಿ ಮೊದಲು ಎದ್ದರೆ ಬೇಸ್‌ಗೆ ತಿರುಗುತ್ತಾನೆ ಎಂದರ್ಥ, ಎಡ ಹಿಮ್ಮಡಿ ಎದ್ದರೆ ಪ್ಲೇಟ್‌ಗೆ. ಎಡಗೈ ಪಿಚರ್ ಕಷ್ಟ, ಅವನು ಮೊದಲ ಬೇಸ್ ಕಡೆ ಮುಖ ಮಾಡಿಯೇ ನಿಂತಿರುತ್ತಾನೆ. ಅವನ ಬಲಗಾಲು ರಬ್ಬರ್‌ನ ಹಿಂದಿನ ಅಂಚನ್ನು ದಾಟಿ ಹಿಂದೆ ಹೋದರೆ ಆಮೇಲೆ ಮೊದಲ ಬೇಸ್‌ಗೆ ಎಸೆಯುವಂತಿಲ್ಲ. ಆ ಕಾಲನ್ನೇ ಕಾಯಬೇಕು.

ಪಿಚ್ ಹೊರಟ ಮೇಲೆ ಇನ್ನೆರಡು ಹೆಜ್ಜೆ ಸರಿಯುವುದು ಎರಡನೇ ಲೀಡ್. ಚೆಂಡು ಬ್ಯಾಟ್ ಹತ್ತಿರ ಬರುವ ಹೊತ್ತಿಗೆ ಬಲಗಾಲು ನೆಲ ಮುಟ್ಟುತ್ತಿರಬೇಕು. ಆಗ ಮುಂದಕ್ಕೂ ಹಿಂದಕ್ಕೂ ಹೋಗುವುದು ಸುಲಭ. ಎರಡನೇ ಬೇಸ್‌ನಲ್ಲಿ ಲೀಡ್ ದೊಡ್ಡದಿರಬಹುದು, ಮೂರನೇ ಬೇಸ್ ಕೋಚ್ ಬೆನ್ನ ಹಿಂದಿನ ಫೀಲ್ಡರ್‌ಗಳನ್ನು ನೋಡಿ ಕೂಗುತ್ತಿರುತ್ತಾರೆ. ಎರಡು ಔಟ್ ಆಗಿದ್ದರೆ ಗೆರೆಗಿಂತ ಕೆಲವು ಹೆಜ್ಜೆ ಔಟ್‌ಫೀಲ್ಡ್ ಕಡೆ ನಿಂತರೆ ಮೂರನೇ ಬೇಸ್‌ನಲ್ಲಿ ತಿರುವು ಸಲೀಸು.

ಮೂರನೇ ಬೇಸ್‌ನ ಲೀಡ್‌ಗೆ ಮಾತ್ರ ಬೇರೆಯೇ ನಿಯಮವಿಟ್ಟುಕೊಳ್ಳಿ. ಹೋಗುವಾಗ ಫೌಲ್ ಲೈನ್‌ನ ಹೊರಗೆ, ಬರುವಾಗ ಒಳಗೆ. ಹೊರಗಿದ್ದಾಗ ಹೊಡೆದ ಚೆಂಡು ತಾಗಿದರೆ ಅದು ಬರೀ ಫೌಲ್ ಬಾಲ್. ಒಳಗಿದ್ದಾಗ ತಾಗಿದ್ದರೆ ಔಟ್ ಆಗುತ್ತಿತ್ತು. ಗೆರೆಯ ಒಳಗಿಂದ ವಾಪಸ್ ಬಂದರೆ ಕ್ಯಾಚರ್ ಮೂರನೇ ಬೇಸ್‌ಗೆ ಎಸೆಯುವ ದಾರಿಯಲ್ಲಿ ರನ್ನರ್ ಬೆನ್ನೇ ಅಡ್ಡ ಇರುತ್ತದೆ. ಬೇಕೆಂದೇ ಎಸೆತಕ್ಕೆ ಅಡ್ಡ ಹೋಗಬಾರದು, ತನ್ನ ದಾರಿಯಲ್ಲಿ ತಾನು ಬಂದರೆ ತಪ್ಪಿಲ್ಲ. 60 ಅಡಿ ಮೈದಾನದಲ್ಲೂ ಇದನ್ನೇ ಈಗಿನಿಂದ ರೂಢಿ ಮಾಡಿಸಬಹುದು, ಚೆಂಡು ಪ್ಲೇಟ್ ತಲುಪಿದ ಮೇಲೆ.

ಪಂದ್ಯಕ್ಕೆ ಮೊದಲು

ಸ್ಥಳೀಯ ಲೀಗ್‌ಗಳು ಮೈನರ್ಸ್‌ಗೆ ತಮ್ಮದೇ ಕಟ್ಟುಪಾಡು ಸೇರಿಸಿಕೊಳ್ಳುವುದುಂಟು. ಕೆಲವು ಕಡೆ ಸ್ಟೀಲ್ ಮಾಡುವಂತಿಲ್ಲ, ಕೆಲವು ಕಡೆ ಹೋಮ್‌ಗೆ ಮಾತ್ರ ಸ್ಟೀಲ್ ಇಲ್ಲ, ಕೆಲವು ಕಡೆ ಒಂದು ಇನ್ನಿಂಗ್ಸ್‌ಗೆ ಇಷ್ಟೇ ಎಂದಿರುತ್ತದೆ. ಪಂದ್ಯ ಶುರುವಾಗುವ ಮೊದಲು ಪ್ಲೇಟ್ ಬಳಿ ಅಂಪೈರ್ ಎರಡೂ ಕಡೆಯ ಮ್ಯಾನೇಜರ್‌ಗಳನ್ನು ಕರೆದು ಮಾತಾಡುತ್ತಾರೆ. ಕೇಳಬೇಕಾದದ್ದನ್ನು ಅಲ್ಲೇ ಕೇಳಿ: ರನ್ನರ್ ಯಾವಾಗ ಬೇಸ್ ಬಿಡಬಹುದು, ಸ್ಟೀಲ್ ಎಲ್ಲಿಯವರೆಗೆ ಇದೆ, ಬೇಗ ಬಿಟ್ಟದ್ದಕ್ಕೆ ಮೊದಲು ಎಚ್ಚರಿಕೆ ಕೊಡುತ್ತೀರಾ, ನೇರ ಕರವಸ್ತ್ರ ಹಾಕುತ್ತೀರಾ, ಮತ್ತು ಕ್ಯಾಚರ್ ಚೆಂಡು ವಾಪಸ್ ಎಸೆಯುವಾಗ ಓಡಲು ಬಿಡುತ್ತೀರಾ. ಉತ್ತರವನ್ನು ಬೆಂಚಿಗೆ ಬಂದು ಮಕ್ಕಳಿಗೆ ಆಗಲೇ ಹೇಳಿಬಿಡಿ.